ಹಳೇ ಪದ್ಮಿನಿಗೆ ರೋಟರಿ ಇಂಜಿನ್: ಮೊದಲು ಕಟ್ಟಿಗೆಯಲ್ಲಿ ಮಾಡಿ ನೋಡಿ

ರೋಟರಿ ಇಂಜಿನ್ನಿನಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಮೂರು ಮೂಲೆಯ ರೋಟರ್ ಒಂದು ಗೂಡಿನೊಳಗೆ ಸುತ್ತುತ್ತದೆ, ಅದು ಒಂದು ಸುತ್ತು ಮುಗಿಸುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ತಿರುಗಿರುತ್ತದೆ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಕೊಟ್ಟ ಈ ಯೋಚನೆಯನ್ನು ದಶಕಗಟ್ಟಲೆ ಹಿಡಿದು ಬೆಳೆಸಿದ್ದು ಜಪಾನಿನ ಮಾಜ್ದಾ. 1991ರಲ್ಲಿ ಲೆ ಮಾನ್ಸ್ 24 ಗಂಟೆಗಳ ರೇಸ್ ಗೆದ್ದ ಅವರ 787ಬಿ ಕಾರಿನಲ್ಲಿದ್ದದ್ದು ನಾಲ್ಕು ರೋಟರಿನ ಇಂಜಿನ್. ಹಳೇ ಕಾರಿಗೆ ಕೂರಿಸಲು ನಮಗೆ ಬೇಕಾದದ್ದು ಅವರದೇ ಎರಡು ರೋಟರಿನ 13ಬಿ ಅನ್ನುವ ಇಂಜಿನ್. ಒಂದೊಂದು ರೋಟರಿಗೆ 654 ಸಿಸಿ, ಒಟ್ಟು 1308. ಆರ್‌ಎಕ್ಸ್-7 ಎಂಬ ಮಾಜ್ದಾ ಕಾರಿನ ನಂತರದ ಮಾದರಿಗಳಲ್ಲಿ ಬರುತ್ತಿದ್ದದ್ದು ಇದೇ.

ಯಾವ ಕಾರು ಅಂತ ಮೊದಲು ನೋಡೋಣ. ಎಲ್ಲರಿಗೂ ನೆನಪಾಗುವುದು ಮಾರುತಿ 800, ಆದರೆ ಅದರ ಇಂಜಿನ್ ಅಡ್ಡ ಕೂತಿರುತ್ತದೆ, ಎಳೆಯುವುದು ಮುಂದಿನ ಚಕ್ರ. 13ಬಿ ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುವ ಇಂಜಿನ್. ಹಾಗಾಗಿ ಪ್ರೀಮಿಯರ್ ಪದ್ಮಿನಿಯೇ ಸರಿ. 1089 ಸಿಸಿ, ಸುಮಾರು 40 ಅಶ್ವಶಕ್ತಿ, ಹಿಂದೆ ಹೌಸಿಂಗು (ಆಕ್ಸಲ್ ಕೂತಿರುವ ಗಟ್ಟಿ ಪೆಟ್ಟಿಗೆ), ಪಾಟಾ ಸ್ಪ್ರಿಂಗು. ಬಾನೆಟ್ ಕೆಳಗೆ ಜಾಗವೂ ಇದೆ.

ಕೈ ಹಾಕುವ ಮುಂಚೆ ಒಂದು ವಿಷಯ ತಿಳಿದಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೂ ಗಾಡಿಗೂ ತಾಳೆ ತಪ್ಪುವಂತೆ ಬದಲಾವಣೆ ಮಾಡುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಆದ್ದರಿಂದ ಇಲ್ಲಿ ಹೇಳುತ್ತಿರುವುದು ಟ್ರ್ಯಾಕ್ ಮೇಲೆ ಓಡಿಸುವ ಕಾರಿನ ಮಾತು. ಲಾರಿ ಮೇಲೆ ಹೇರಿಕೊಂಡು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಒಯ್ಯಿರಿ, ನಮ್ಮ ಬೆಳಗಾವಿಯ ಖಾನಾಪುರ ರಸ್ತೆಯಲ್ಲಿ ಓಡಿಸಬೇಡಿ. ಇಂಜಿನ್ ಕೊಳ್ಳುವಾಗಲೂ ಅಷ್ಟೇ, ಆಮದಿನ ಕಾಗದಪತ್ರ ಇಲ್ಲದ ಮಾಲು ಎಷ್ಟೇ ಅಗ್ಗಕ್ಕೆ ಸಿಗಲಿ, ಬೇಡ.

ಇಂಜಿನ್ ಜೊತೆಗೆ ಅದರದೇ ಗೇರ್‌ಬಾಕ್ಸ್, ಸ್ಟಾರ್ಟರ್, ವೈರಿಂಗ್ ಎಲ್ಲ ಇರಲಿ. ಕಂಪ್ರೆಷನ್, ಅಂದರೆ ಒಳಗೆ ಏಳುವ ಒತ್ತಡ, ನೋಡದೆ ದುಡ್ಡು ಕೊಡಬೇಡಿ. ಮಾಮೂಲಿ ಗೇಜ್ ಹಾಕಿದರೆ ಅದು ದೊಡ್ಡ ಒತ್ತಡ ಒಂದನ್ನೇ ಹಿಡಿದು ನಿಂತುಬಿಡುತ್ತದೆ, ರೋಟರಿನ ಉಳಿದ ಎರಡು ಮುಖ ಕೆಟ್ಟಿದ್ದರೂ ಗೊತ್ತಾಗುವುದಿಲ್ಲ. ಗೇಜಿನ ವಾಲ್ವ್ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಿ, ಮುಳ್ಳು ಕುಣಿಯುವುದನ್ನು ನೋಡಿ. ಗೇಜ್ ಇಲ್ಲದಿದ್ದರೆ ಪ್ಲಗ್ ಬಿಚ್ಚಿ, ಸ್ಟಾರ್ಟರ್ ತಿರುಗಿಸಿ ಸುಮ್ನೆ ಕಿವಿ ಕೊಡಿ. ಫಫ್, ಫಫ್, ಫಫ್ ಅಂತ ಮೂರೂ ಒಂದೇ ಜೋರಿನಲ್ಲಿ ಬಂದರೆ ಒಳ್ಳೆಯದು. ಅಕ್ಕಪಕ್ಕದ ಎರಡು ಸದ್ದು ಸೊರಗಿದ್ದರೆ ನಡುವಿನ ಮೂಲೆಯ ಸೀಲ್ ಹೋಗಿದೆ ಅಂತ ಲೆಕ್ಕ, ಯಾಕೆಂದರೆ ಆ ಒಂದು ಸೀಲ್ ಎರಡು ಮುಖಗಳಿಗೂ ಗೋಡೆ ಇದ್ದಂತೆ. ಇದನ್ನು ಏಪೆಕ್ಸ್ ಸೀಲ್ ಅನ್ನುತ್ತಾರೆ. ರೋಟರಿಯ ಆಯುಷ್ಯ ಹೆಚ್ಚುಕಡಿಮೆ ನಿಂತಿರುವುದು ಇದರ ಮೇಲೆ.

ಈಗ ಬೆಳಗಾವಿಯವರಿಗೆ ಸಿಗುವ ಅನುಕೂಲದ ಮಾತು. ಇಲ್ಲಿ ಕಾರ್ಖಾನೆಗಳಿರುವ ಉದ್ಯಮಬಾಗದ ಕಡೆ ಹೋದರೆ ಫೌಂಡ್ರಿ, ಲೇಥು, ಮಿಲ್ಲಿಂಗು ಎಲ್ಲ ಕೂಗಳತೆಯಲ್ಲಿವೆ. ಎರಕ ಹೊಯ್ಯುವ ಮೊದಲು ಕಟ್ಟಿಗೆಯ ಪ್ಯಾಟರ್ನ್ (ಅಚ್ಚು ತೆಗೆಯುವ ಮಾದರಿ) ಮಾಡುವುದು ಅವರಿಗೆ ರೂಢಿ. ನಮಗೆ ದಾರಿ ತೋರಿಸಿದ್ದೂ ಪ್ಯಾಟರ್ನ್ ಕೆಲಸದ ಒಬ್ಬ ಕಾಕಾ. "ತಮ್ಮಾ, ಇಂಜಿನ್ ಎತ್ತಿ ಇಳಿಸಿ ಸಾಯಬ್ಯಾಡ. ಮೊದಲ ಕಟಗೀಲೆ ಒಂದು ಮಾಡಿ ಕೂಡಿಸಿ ನೋಡು, ಕಬ್ಬಣ ಆಮ್ಯಾಲೆ ಕೊಯ್ಯೂಣು" ಅಂದರು. ಆ ಮಾತು ಕೇಳಿದ್ದರಿಂದ ನಮ್ಮ ಎಷ್ಟೋ ದಿನ ಉಳಿದವು.

ಇಂಜಿನ್ನಿನ ಉದ್ದ, ಅಗಲ, ಆಯಿಲ್ ನಿಲ್ಲುವ ಸಂಪ್ ಎಷ್ಟು ಕೆಳಗೆ ಇಳಿಯುತ್ತದೆ, ಆಲ್ಟರ್ನೇಟರ್ ಎಲ್ಲಿ ಚಾಚಿದೆ, ಎಲ್ಲ ಅಳೆದು ಪ್ಲೈವುಡ್ಡಿನಲ್ಲಿ ಡಮ್ಮಿ ಮಾಡಿ. 13ಬಿಯಲ್ಲಿ ಗಾಳಿ ಒಳಗೆ ಹೋಗುವುದೂ ಹೊಗೆ ಹೊರಗೆ ಬರುವುದೂ ಒಂದೇ ಮಗ್ಗುಲಲ್ಲಿ. ಸೈಲೆನ್ಸರ್ ಪೈಪಿನ ಜಾಗಕ್ಕೆ ಒಂದು ತುಂಡು ಪಿವಿಸಿ ಪೈಪ್ ಸಿಕ್ಕಿಸಿ, ಅದು ಸ್ಟೀರಿಂಗ್ ಬಾಕ್ಸಿಗೋ ಬ್ರೇಕ್ ಪೈಪಿಗೋ ತಾಕುತ್ತದೆಯಾ ನೋಡಿ. ರೋಟರಿಯ ಹೊಗೆ ಪಿಸ್ಟನ್ ಇಂಜಿನ್ನಿಗಿಂತ ಜಾಸ್ತಿ ಬಿಸಿ, ಬೆರಳಿನಷ್ಟು ಸಂದು ಸಾಲದು. ಇಂಜಿನ್ ಗಿಡ್ಡ ಇರುವುದರಿಂದ ಆದಷ್ಟು ಹಿಂದಕ್ಕೆ ತಳ್ಳಿ, ಮುಂದಿನ ಚಕ್ರದ ಮೇಲಿನ ಭಾರ ಇಳಿಯುತ್ತದೆ. ಕೊನೆಗೆ ಡಮ್ಮಿಯ ತಲೆ ಮೇಲೆ ಚಪಾತಿ ಕಣಕದ ಒಂದು ಉಂಡೆ ಇಟ್ಟು ಬಾನೆಟ್ ಮುಚ್ಚಿ ತೆಗೆಯಿರಿ. ಉಂಡೆ ಹೆಬ್ಬೆರಳಿನ ದಪ್ಪಕ್ಕಿಂತ ತೆಳ್ಳಗಾಗಿದ್ದರೆ ಇಂಜಿನ್ ಇನ್ನೂ ಕೆಳಗೆ ಕೂರಬೇಕು, ಓಡುವಾಗ ಅದು ಅಲುಗಾಡುತ್ತದೆ ಅಲ್ವಾ.

ಡಮ್ಮಿ ಸರಿಯಾಗಿ ಕೂತ ಮೇಲೆ ಮೌಂಟ್, ಅಂದರೆ ಇಂಜಿನ್ ಹಿಡಿದಿಡುವ ಆಧಾರಗಳ ಕೆಲಸ. ಮುಂದೆ ಎಡಬಲಕ್ಕೆ ಒಂದೊಂದು, ಗೇರ್‌ಬಾಕ್ಸ್ ಕೆಳಗೆ ಒಂದು. ಪದ್ಮಿನಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಎಲ್ಲ ಭಾರ ಹೊರುವುದು. ಹಳೇ ತಗಡು ತುಕ್ಕು ತಿಂದಿದ್ದರೆ ಕೊಯ್ದು ತೆಗೆದು ಹೊಸ ಪ್ಲೇಟು ಹಾಕಿ, ಆಮೇಲೆ ಮೌಂಟು. ಮೊದಲು ಟ್ಯಾಕ್ (ಅಲ್ಲಲ್ಲಿ ಚುಕ್ಕೆಯಷ್ಟು ಬೆಸುಗೆ) ಮಾತ್ರ ಹಾಕಿ, ಚೈನ್ ಬ್ಲಾಕಿನಲ್ಲಿ ನಿಜವಾದ ಇಂಜಿನ್ ಇಳಿಸಿ, ಬೋಲ್ಟುಗಳು ಕೈಯಲ್ಲೇ ಒಳಗೆ ಹೋಗುತ್ತವೆಯಾ ನೋಡಿ, ಹೋದರೆ ಮಾತ್ರ ಇಂಜಿನ್ ತೆಗೆದು ಪೂರ್ತಿ ವೆಲ್ಡಿಂಗ್ ಮಾಡಿಸಿ.

ಪದ್ಮಿನಿಯ ಗೇರ್ ಲಿವರ್ ಸ್ಟೀರಿಂಗ್ ಪಕ್ಕ, 13ಬಿಯದು ನೆಲದಲ್ಲಿ. ಹಾಗಾಗಿ ಕಾರಿನ ನೆಲದ ನಡುವೆ ಉಬ್ಬಿರುವ ಟನೆಲ್ ಕೊಯ್ಯಲೇಬೇಕು. ನಾವು ಸೀಟ್ ತೆಗೆದಿಟ್ಟು ಕೊಯ್ದೆವು, ಮತ್ತೆ ಸೀಟ್ ಹಾಕಿದಾಗ ಎರಡನೇ ಗೇರಿಗೆ ಲಿವರ್ ಸೀಟಿನ ಅಂಚಿಗೆ ಬಡಿಯಿತು. ಪುನಃ ಕೊಯ್ದು ಮುಚ್ಚಲು ಎರಡು ದಿನ ಹೋಯಿತು. ಸೀಟ್ ಹಾಕಿಕೊಂಡು, ಅದರಲ್ಲಿ ಕೂತು, ಕೈ ಚಾಚಿ ಗುರುತು ಮಾಡಿ.

ಗೇರಿನಿಂದ ಹಿಂದಿನ ಹೌಸಿಂಗಿಗೆ ತಿರುಗುವ ಪ್ರೊಪೆಲ್ಲರ್ ಶಾಫ್ಟನ್ನು ಲೇಥಿನಲ್ಲಿ ಹಿಡಿಸಿ ಉದ್ದ ಸರಿ ಮಾಡಿಸಿ, ಬ್ಯಾಲೆನ್ಸ್ ಮಾಡಿಸದೆ ಹಾಕಬೇಡಿ. ಎರಡು ತುದಿಯ ಕ್ರಾಸುಗಳು (ಬಾಗುವ ಕೀಲುಗಳು) ಒಂದೇ ನೇರಕ್ಕೆ ಇರಬೇಕು. ಗೇರ್‌ಬಾಕ್ಸಿನ ಗೆರೆಗೂ ಹೌಸಿಂಗಿನ ಪಿನಿಯನ್ ಗೆರೆಗೂ ಸಮಾನಾಂತರ ಇರಬೇಕು, ಇಲ್ಲದಿದ್ದರೆ ಕಾರು ನಡುಗುತ್ತದೆ. 40 ಅಶ್ವಶಕ್ತಿಗೆ ಮಾಡಿದ ಹೌಸಿಂಗು ಇದರ ಎಳೆತಕ್ಕೆ ಬಾಳುವುದಿಲ್ಲ, ಅಗಲ ಹೊಂದುವ ಗಟ್ಟಿಯಾದದ್ದನ್ನು ಹುಡುಕಿ. ಬ್ರೇಕಿನ ಮಾತು ಇನ್ನೂ ಮುಖ್ಯ. ಹಳೇ ಪದ್ಮಿನಿಗಳಿಗೆ ನಾಲ್ಕೂ ಕಡೆ ಡ್ರಮ್. ಮುಂದೆ ಡಿಸ್ಕ್ ಕೂರಿಸಿ, ಪೈಪುಗಳನ್ನೆಲ್ಲ ಹೊಸದು ಹಾಕಿ, ಅದಾದ ಮೇಲೆಯೇ ಇಂಜಿನ್ನಿಗೆ ಕೀಲಿ ಕೊಡಿ. ಈ ಒಂದು ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿ ಆಗುವುದಿಲ್ಲ.

ರೋಟರ್ ತಂಪಾಗುವುದು ಆಯಿಲಿನಿಂದ. ನೀರಿನ ರೇಡಿಯೇಟರ್ ದೊಡ್ಡದಿದ್ದರೆ ಸಾಕು ಅಂತ ಆಯಿಲ್ ಕೂಲರ್ ಬಿಟ್ಟರೆ ಇಂಜಿನ್ ಹೋಯಿತು ಅಂತಲೇ ತಿಳಿಯಿರಿ. ಬೆಳಗಾವಿಯ ತಂಪಿನಲ್ಲಿ ಸರಿ ಓಡಿತು ಅಂತ ನಂಬಬೇಡಿ, ಏಪ್ರಿಲ್‌ನಲ್ಲಿ ವಿಜಯಪುರದ 40 ಡಿಗ್ರಿ ಬಿಸಿಲು ಲೆಕ್ಕ ಹಾಕಿ ಕೂಲರ್ ಆರಿಸಿ. ಸೀಲುಗಳಿಗೆ ಜಿಡ್ಡು ಬೇಕಾದ್ದರಿಂದ ಈ ಇಂಜಿನ್ ಆಯಿಲ್ ಸುಡುವಂತೆಯೇ ಮಾಡಿದ್ದಾರೆ. ಆಯಿಲ್ ಬಿಡುವ ಪಂಪು ತೆಗೆದಿದ್ದರೆ ಹಿಂದೆ ಲೂನಾ ಮೊಪೆಡ್ಡಿಗೆ ಹಾಕುತ್ತಿದ್ದಂತೆ ಪೆಟ್ರೋಲಿಗೆ ಟೂಟಿ (ಟೂ-ಸ್ಟ್ರೋಕ್) ಆಯಿಲ್ ಬೆರೆಸಬೇಕು, ಲೀಟರಿಗೆ 7-8 ಮಿಲಿ. ಅಳತೆ ಕಪ್ಪು ಡಿಕ್ಕಿಯಲ್ಲೇ ಇರಲಿ.

ಮೊದಲ ಸಲ ಸ್ಟಾರ್ಟ್ ಮಾಡುವ ದಿನ ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಳ್ಳಿ. ಪೆಟ್ರೋಲ್ ಬಂದ್ ಮಾಡಿ, ಪ್ಲಗ್ ಬಿಚ್ಚಿ, ಆಯಿಲ್ ಪ್ರೆಷರ್ ಏರುವ ತನಕ ಸ್ಟಾರ್ಟರ್ ತಿರುಗಿಸಿ. ಆಮೇಲೆ ಪ್ಲಗ್ ಹಾಕಿ ಹೊತ್ತಿಸಿ. ಹೊತ್ತಿದ ಖುಷಿಗೆ ತಕ್ಷಣ ಬಂದ್ ಮಾಡಬೇಡಿ. ತಣ್ಣಗಿರುವಾಗಲೇ ನಿಲ್ಲಿಸಿದರೆ ಒಳಗೆ ಪೆಟ್ರೋಲ್ ತುಂಬಿ, ಮತ್ತೆ ಹೊತ್ತುವುದಿಲ್ಲ. ಗ್ಯಾರೇಜಿನಿಂದ ನಾಲ್ಕು ಹೆಜ್ಜೆ ಹೊರಗೆ ತರುವುದಿದ್ದರೂ ಸ್ಟಾರ್ಟ್ ಮಾಡದೆ ಕೈಯಲ್ಲೇ ದಬ್ಬಿ ತನ್ನಿ. ಸ್ಟಾರ್ಟ್ ಮಾಡಿದಿರಿ ಅಂದರೆ ಟೆಂಪರೇಚರ್ ಮುಳ್ಳು ನಡುವಿಗೆ ಬರುವವರೆಗೂ ಓಡಲಿ, ಅಷ್ಟರಲ್ಲಿ ಟಾರ್ಚ್ ಹಿಡಿದು ಕೆಳಗೆ ಬಗ್ಗಿ ಒಂದೊಂದೇ ಪೈಪಿನ ಕೀಲು ನೋಡುತ್ತಾ ಹೋಗಿ, ಎಲ್ಲಾದರೂ ಒದ್ದೆ ಕಂಡರೆ ಚಾಕ್‌ನಿಂದ ಗುರುತು ಹಾಕಿಡಿ.