ಬಾವಿಯುಳ್ಳ ಮನೆಯ ಸೆಪ್ಟಿಕ್ ಟ್ಯಾಂಕ್: ಕಟ್ಟುವಾಗ ಮತ್ತು ಕಟ್ಟಿದ ಮೇಲೆ

ಸೆಪ್ಟಿಕ್ ಟ್ಯಾಂಕ್ ಕೊಳಚೆಯನ್ನು ಶುದ್ಧಗೊಳಿಸುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ಮಾಡುವುದು ಅರ್ಧ ಕೆಲಸ ಮಾತ್ರ. ಶೌಚಾಲಯದ ನೀರು ಟ್ಯಾಂಕಿನೊಳಗೆ ಒಂದೆರಡು ದಿನ ನಿಂತಾಗ ಭಾರವಾದದ್ದು ತಳಕ್ಕಿಳಿದು ಕೆಸರಾಗುತ್ತದೆ, ಹಗುರವಾದದ್ದು ಮೇಲೆ ತೇಲಿ ಕೆನೆಗಟ್ಟುತ್ತದೆ, ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಕೆಸರಿನ ಒಂದು ಪಾಲನ್ನು ಕರಗಿಸುತ್ತವೆ. ನಡುವಿನ ನೀರು ಇಂಗುಗುಂಡಿಗೆ ಹರಿಯುತ್ತದೆ. ತಿಳಿಯಾಗಿ ಕಂಡರೂ ಅದರಲ್ಲಿ ರೋಗಾಣುಗಳು ಹೇರಳವಾಗಿರುತ್ತವೆ. ಅವನ್ನು ತಡೆಯುವ ಕೆಲಸ ಗುಂಡಿಯ ಸುತ್ತಲಿನ ಮಣ್ಣಿನದು, ಮತ್ತು ಉತ್ತರ ಕನ್ನಡದಲ್ಲಿ ತೊಂದರೆ ಹುಟ್ಟುವುದು ಬಹುಮಟ್ಟಿಗೆ ಅಲ್ಲಿಯೇ.

ಮಣ್ಣು ಸೋಸಬೇಕಾದರೆ ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಒಣ ಪದರವೊಂದು ಇರಬೇಕು. ಕಾರವಾರದಿಂದ ಭಟ್ಕಳದವರೆಗಿನ ಕಡಲಂಚಿನ ಉಸುಕು ನೆಲದಲ್ಲಿ ಬೇಸಿಗೆಯಲ್ಲಿ ಇರುವ ಈ ಪದರ, ಬಾವಿಯ ನೀರು ಕೈಗೆಟುಕುವಷ್ಟು ಮೇಲೇರುವ ಆಷಾಢದ ಹೊತ್ತಿಗೆ ಇಲ್ಲವಾಗುತ್ತದೆ. ಚಿರೆಕಲ್ಲಿನ ನೆಲದ ಸಮಸ್ಯೆ ಬೇರೆ: ಅದರ ಬಿರುಕು, ಪೊಟರೆಗಳ ಮೂಲಕ ಕೊಳಚೆ ಸೋಸದೆಯೇ ದೂರ ಸಾಗಬಲ್ಲದು. ಆದ್ದರಿಂದ ಗುಂಡಿ ಆಳವಾದಷ್ಟೂ ಒಳ್ಳೆಯದೆಂದು ನೀರು ಕಾಣುವವರೆಗೆ ತೋಡಿಸುವ ರೂಢಿಯನ್ನು ನಾನು ಒಪ್ಪುವುದಿಲ್ಲ. ನೀರಿನ ಮಟ್ಟ ಮೇಲಿರುವ ಕಡೆ ಆಳ ಕಡಿಮೆ ಮಾಡಿ, ಜಲ್ಲಿ ತುಂಬಿದ ಉದ್ದನೆಯ ಕಾಲುವೆಯಲ್ಲಿ ನೀರನ್ನು ಹರಡಿ ಇಂಗಿಸುವುದು ಮೇಲು.

ಸೆಪ್ಟಿಕ್ ಟ್ಯಾಂಕ್ ಕುರಿತ ಭಾರತೀಯ ಮಾನಕ (ಐಎಸ್) 2470ರ ಪ್ರಕಾರ ಇಂಗುವ ವ್ಯವಸ್ಥೆ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ದೂರವಿರಬೇಕು. ನಾಲ್ಕೈದು ಗುಂಟೆಯ ಹಿತ್ತಿಲಿನಲ್ಲಿ ಇದು ಸುಲಭವಲ್ಲ; ತಮ್ಮ ಬಾವಿಯನ್ನು ಉಳಿಸಿಕೊಳ್ಳುವ ಭರದಲ್ಲಿ ಬೇಲಿಯಾಚೆಯ ಮನೆಯವರ ಬಾವಿಯ ಪಕ್ಕಕ್ಕೇ ಗುಂಡಿ ತೋಡುವವರೂ ಇದ್ದಾರೆ. ಶಿರಸಿ, ಸಿದ್ದಾಪುರದ ಕಡೆ ಮನೆ ಮೇಲೆ, ತೋಟ ಕೆಳಗೆ ಇರುವ ಇಳಿಜಾರಿನಲ್ಲಿ ದೂರದಷ್ಟೇ ದಿಕ್ಕೂ ಮುಖ್ಯವಾಗಿದ್ದು, ಗುಂಡಿ ಬಾವಿಗಿಂತ ಕೆಳಗಿರಬೇಕು.

ಅದೇ ಮಾನಕದಲ್ಲಿ ಐದು ಜನರ ಮನೆಗೆ 1.5 ಮೀಟರ್ ಉದ್ದ, 0.75 ಮೀಟರ್ ಅಗಲ, ಒಂದು ಮೀಟರ್ ನೀರಿನ ಆಳದ ಟ್ಯಾಂಕ್ ಸೂಚಿಸಲಾಗಿದೆ. ಹಬ್ಬ, ಮದುವೆಗೆ ನೆಂಟರು ತುಂಬುವ ಮನೆಯಾದರೆ ಇನ್ನೂ ದೊಡ್ಡದೇ ಬೇಕು. ಖರ್ಚು ಉಳಿಸಲು ತಳಕ್ಕೆ ಕಾಂಕ್ರೀಟ್ ಹಾಕದೆ ಬಿಟ್ಟರೆ ಅದು ಬರಿಯ ಗುಂಡಿಯಾಗುತ್ತದೆಯೇ ಹೊರತು ಸೆಪ್ಟಿಕ್ ಟ್ಯಾಂಕ್ ಆಗುವುದಿಲ್ಲ. ಒಳಬರುವ, ಹೊರಹೋಗುವ ಎರಡೂ ಕಡೆ ಟಿ ಆಕಾರದ ಪೈಪ್ ಇರಬೇಕು, ಇಲ್ಲವಾದರೆ ಮೇಲಿನ ಕೆನೆ ನೇರವಾಗಿ ಇಂಗುಗುಂಡಿಗೆ ಹೋಗಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ. ಗಾಳಿ ಪೈಪಿನ ಬಾಯಿಗೆ ಸೊಳ್ಳೆ ಬಲೆ ಕಟ್ಟಿ, ವರ್ಷಕ್ಕೊಮ್ಮೆ ಬದಲಿಸಿರಿ. ಸೂರಿನ ನೀರನ್ನಾಗಲೀ ಕೊಟ್ಟಿಗೆ ತೊಳೆದ ನೀರನ್ನಾಗಲೀ ಟ್ಯಾಂಕಿಗೆ ಬಿಡಬಾರದು. ಬಚ್ಚಲ ನೀರು ತೆಂಗಿನ ಬುಡಕ್ಕೋ ಬಾಳೆಗೋ ಹೋಗುವ ಹಳೆಯ ಪದ್ಧತಿಯೇ ಸರಿ.

ಕೆಸರು ಎಷ್ಟಿದೆಯೆಂದು ವರ್ಷಕ್ಕೊಮ್ಮೆ, ಜನವರಿಯ ಸುಮಾರಿಗೆ ಅಳೆಯುವುದು ಒಳ್ಳೆಯದು. ಉದ್ದನೆಯ ಅಡಿಕೆ ದಬ್ಬೆಯ ತುದಿಗೆ ಹಳೆಯ ಬಿಳಿ ಪಂಚೆಯ ತುಂಡನ್ನು ಮೂರು ನಾಲ್ಕು ಅಡಿಯವರೆಗೆ ಬಿಗಿಯಾಗಿ ಸುತ್ತಿ, ಮುಚ್ಚಳ ತೆರೆದು ಸ್ವಲ್ಪ ಹೊತ್ತು ದೂರ ನಿಂತು, ಬಳಿಕ ಕೈಗವಸು ತೊಟ್ಟು ದಬ್ಬೆಯನ್ನು ತಳ ಮುಟ್ಟುವವರೆಗೆ ನೇರವಾಗಿ ಇಳಿಸಿ, ಕೆಲವು ನಿಮಿಷ ಬಿಟ್ಟು ನಿಧಾನವಾಗಿ ಎತ್ತಬೇಕು. ಕೆಸರು ಇದ್ದಷ್ಟು ಎತ್ತರಕ್ಕೆ ಬಟ್ಟೆಯ ಮೇಲೆ ಕಪ್ಪು ಕಣಗಳು ಅಂಟಿರುತ್ತವೆ, ಅದರ ಮೇಲಿನ ಭಾಗ ಬರೀ ಒದ್ದೆಯಾಗಿರುತ್ತದೆ. ಕಪ್ಪು ಭಾಗ ನೀರಿನ ಆಳದ ಮೂರನೇ ಒಂದಕ್ಕೆ ಬಂದಿದ್ದರೆ ಟ್ಯಾಂಕ್ ಖಾಲಿ ಮಾಡಿಸುವ ಹೊತ್ತಾಗಿದೆ. ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೊಮ್ಮೆ ಇದು ಬೇಕಾಗುತ್ತದೆ. ಈ ಕೆಲಸದಲ್ಲಿ ಬೀಡಿ, ದೀಪ, ಬೆಂಕಿಕಡ್ಡಿ ಹತ್ತಿರ ಸುಳಿಯಬಾರದು, ಏಕೆಂದರೆ ಒಳಗಿರುವುದು ಬೆಂಕಿ ಹೊತ್ತಿಕೊಳ್ಳುವ ಮೀಥೇನ್ ಅನಿಲ.

ಟ್ಯಾಂಕಿನೊಳಗೆ ಯಾರನ್ನೂ ಇಳಿಸಬಾರದು. ಅಲ್ಲಿನ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹೆಚ್ಚಾದಾಗ ಮೂಗಿನ ವಾಸನೆ ಹಿಡಿಯುವ ಶಕ್ತಿಯೇ ನಿಲ್ಲುತ್ತದೆ. ಬಿದ್ದವನನ್ನು ಎತ್ತಲು ಇಳಿದವನೂ ಸಾಯುವುದು ಹೀಗೆ. ರಕ್ಷಣಾ ಸಾಧನಗಳಿಲ್ಲದೆ ಜನರನ್ನು ಇಳಿಸುವುದು ಮಲಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧವೂ ಹೌದು. ಹೀರುಯಂತ್ರದ ಲಾರಿಯನ್ನೇ ಕರೆಸಬೇಕು, ಅದಕ್ಕಾಗಿ ಲಾರಿಯ ಪೈಪು ಮುಟ್ಟುವ ಕಡೆ ಟ್ಯಾಂಕ್ ಕಟ್ಟಿರಬೇಕು. ತೆಗೆದ ಕೆಸರನ್ನು ಹಳ್ಳಕ್ಕೋ ಬೆಟ್ಟಕ್ಕೋ ಸುರಿಯಲು ಬಿಡದೆ, ಎಲ್ಲಿಗೆ ಒಯ್ಯುತ್ತಾರೆಂದು ಮೊದಲೇ ಕೇಳಿರಿ.

ಮಣ್ಣಿನ ರಸ್ತೆ ಗಟ್ಟಿಯಾಗಿರುವ ಫೆಬ್ರವರಿ, ಮಾರ್ಚ್ ಟ್ಯಾಂಕ್ ಖಾಲಿ ಮಾಡಿಸಲು ತಕ್ಕ ಕಾಲ. ಮಳೆಗಾಲದಲ್ಲಿ ಶೌಚಾಲಯದ ನೀರು ಇಳಿಯದಾದಾಗ ಗಾಬರಿಯಿಂದ ಲಾರಿ ಕರೆಸಿದರೆ ಹಣ ಹೋಗುತ್ತದೆಯೇ ಹೊರತು ಪ್ರಯೋಜನವಿಲ್ಲ: ಹೊರಗಿನ ನೀರು ಗುಂಡಿಯನ್ನು ಮತ್ತೆ ತುಂಬುತ್ತದೆ, ಖಾಲಿಯಾದ ಪ್ಲಾಸ್ಟಿಕ್ ಅಥವಾ ಫೈಬರ್ ಟ್ಯಾಂಕ್ ನೆಲದಿಂದ ಮೇಲೆದ್ದು ಪೈಪ್ ಮುರಿಯಲೂಬಹುದು. ಅಂಗಳದ ನೀರು ಗುಂಡಿಯತ್ತ ಹರಿಯದಂತೆ ಗಟಾರ ಕಡಿದು, ಮಳೆ ಹೊಳವಾಗುವವರೆಗೆ ನೀರಿನ ಬಳಕೆ ತಗ್ಗಿಸುವುದೇ ಆಗಿನ ಉಪಾಯ.

ಫಿನಾಯಿಲ್, ಆಸಿಡ್ ಮಿತಿಮೀರಿದರೆ ಒಳಗಿನ ಬ್ಯಾಕ್ಟೀರಿಯಾ ಸಾಯುತ್ತವೆ. ಪ್ಯಾಡ್, ಡೈಪರ್‌ಗಳು ಕರಗುವುದೇ ಇಲ್ಲ. ಅಂಗಡಿಯ ಸೆಪ್ಟಿಕ್ ಪುಡಿಗಳ ಅಗತ್ಯವಿಲ್ಲ.

ಬಾವಿಯ ನೀರನ್ನು ಮಳೆ ಜೋರಾಗಿರುವಾಗಲೊಮ್ಮೆ, ಬೇಸಿಗೆಯಲ್ಲೊಮ್ಮೆ ಪರೀಕ್ಷಿಸಿರಿ. ಎಚ್‌ಟುಎಸ್ ಬಾಟಲಿ ಎಂಬ, ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡುವ ಪರೀಕ್ಷಾ ಬಾಟಲಿಗೆ ತುಂಬಿಟ್ಟ ನೀರು ಒಂದೆರಡು ದಿನದೊಳಗೆ ಕಪ್ಪಾದರೆ ಮಲದ ಸಂಪರ್ಕವಿದೆಯೆಂದು ಶಂಕಿಸಬೇಕು. ಆಗ ನೀರನ್ನು ಕುದಿಸಿಯೇ ಕುಡಿಯಬೇಕು, ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸಬೇಕು; ಮುಂದಿನ ಬೇಸಿಗೆಯಲ್ಲೂ ಬಾಟಲಿ ಕಪ್ಪಾದರೆ ಇಂಗುಗುಂಡಿಯನ್ನೇ ಬೇರೆಡೆಗೆ ಸರಿಸಬೇಕಾಗುತ್ತದೆ.