ಕಿವಿಗೆ ಹಚ್ಚೋ ವೇಗಸ್ ಮಷಿನ್ ನಿಮಗ ಕೆಲಸ ಮಾಡತೈತೋ ಇಲ್ಲೋ, ಹಿಂಗ ನೋಡ್ರಿ

ವಿಜಯಪುರದಾಗ ನಮ್ಮ ಜಿಮ್ ಗೆಳ್ಯಾರು ಇಬ್ಬರು ಮೂವರು ಕಿವಿಗೆ ಕ್ಲಿಪ್ ಹಚ್ಚಿ ವೇಗಸ್ ಅನ್ನೋ ನರಕ್ಕ ಸಣ್ಣಗ ಕರೆಂಟ್ ಕೊಡೋ ಈ ಮಷಿನ್ ತರಿಸ್ಯಾರ, ಹಚ್ಚಿದ ಕೂಡ್ಲೆ ಟೆನ್ಷನ್ ಇಳೀತೈತಿ ಅಂತಾರ, ಆದ್ರ ಅದು ಕರೆಂಟಿಗೆ ಇಳೀತೋ ಇಲ್ಲಾ ಕಾಲ್ ತಾಸು ಫೋನ್ ಬಿಟ್ಟು ಸುಮ್ಮ ಕುಂತಿದ್ದಕ್ಕ ಇಳೀತೋ ಅನ್ನೋದು ಅಳದ ನೋಡಿದ್ರನ ಗೊತ್ತಾಗೋದು.

ಮೊದ್ಲ ಹೇಳತೀನಿ, ಪೇಸ್‌ಮೇಕರ್ ಇದ್ದವರು, ನಾಡಿ ಭಾಳ ನಿಧಾನ ಇದ್ದವರು, ಫಿಟ್ಸ್ ಬರೋರು, ಬಸರಿ ಹೆಣಮಕ್ಳು ಡಾಕ್ಟರನ್ನ ಕೇಳಲಾರದ ಹಚ್ಚಬ್ಯಾಡ್ರಿ. ನಮ್ಮ ಕಾಕಾಗ ಪೇಸ್‌ಮೇಕರ್ ಐತಿ, ಎಷ್ಟ್ ಕೇಳಿದ್ರೂ ನಾ ಕೊಟ್ಟಿಲ್ಲ.

ವೇಗಸ್ ಅಂದ್ರ ಮೆದುಳಿನಿಂದ ಬರೋ 12 ಜೋಡಿ ನರದಾಗ 10ನೇದು, ಎದಿ ಹೊಟ್ಟಿ ತನಕ ಇಳೀತೈತಿ. ಹಾರ್ಟ್‌ನ್ನ ಅದರ ಪಾಡಿಗೆ ಬಿಟ್ರ ನಿಮಿಷಕ್ಕ 100ರ ಆಸುಪಾಸು ಬಡೀತೈತಿ, ಓಡೋ ಎತ್ತಿಗೆ ಮೂಗದಾರ ಹಿಡದಂಗ ಅದನ್ನ 70ಕ್ಕ ತಂದು ಇಡೋದು ಈ ನರ, ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಹೊರಗ ಬಿಟ್ಟು. ಇದರ ಒಂದ್ ಸಣ್ಣ ಟೊಂಗಿ ಕಿವಿಗೂ ಬಂದೈತಿ, ಅಲ್ಲಿ ಕರೆಂಟ್ ಕೊಟ್ರ ಸುದ್ದಿ ಮೆದುಳಿನ ಬುಡಕ್ಕ ಮುಟ್ಟಿ ಅಲ್ಲಿಂದ ಹಾರ್ಟಿಗೆ ಹೊಳ್ಳಿ ಬರತೈತಿ ಅನ್ನೋದ ಇದರ ಲೆಕ್ಕ.

ಮುಂಜಾನೆ ಚಹಾಕ್ಕಿಂತ ಮೊದ್ಲು ಕೂಡ್ರಿ, ಮಧ್ಯಾಹ್ನ ನಮ್ಮೂರ ಬಿಸಲಿಗೇ ನಾಡಿ ಏರಿರತೈತಿ. ಎದಿಗೆ ಕಟ್ಟೋ ಸೆನ್ಸರ್ ಪಟ್ಟಿ ಇದ್ರ ಚೊಲೊ. 5 ನಿಮಿಷ ಕುಂತು ಆ್ಯಪ್‌ನ್ಯಾಗ ಎಚ್‌ಆರ್‌ವಿ ಬರಕೋರಿ, ಅಂದ್ರ ಬಡಿತ ಬಡಿತದ ನಡುವಿನ ಟೈಮ್ ಎಷ್ಟು ಹೆಚ್ಚು ಕಡಿಮಿ ಆಗತೈತಿ ಅನ್ನೋದು, ವೇಗಸ್ ಕೆಲಸ ಜೋರಾದ್ರ ಸಾಮಾನ್ಯವಾಗಿ ಇದು ಏರತೈತಿ. ಆಮೇಲೆ ಎಡಗಿವಿ ತೂತಿನ ಮುಂದ, ಗಲ್ಲದ ಕಡೆ ಇರೋ ಸಣ್ಣ ಉಬ್ಬಿಗೆ, ಅದಕ್ಕ ಟ್ರೇಗಸ್ ಅಂತಾರ, ಕ್ಲಿಪ್ ಹಚ್ರಿ. 25 ಹರ್ಟ್ಜ್, ಅಂದ್ರ ಸೆಕೆಂಡಿಗೆ 25 ಸಲ, ಇಡ್ರಿ, ಕರೆಂಟ್ ಸಾವಕಾಶ ಏರಸ್ರಿ, ಜುಮ್ ಅಂದಲ್ಲೇ ನಿಲ್ಲಸ್ರಿ, ನೋವಾದ್ರ ಇಳಸ್ರಿ, ತಲಿ ತಿರುಗಿದ್ರ ತಗದ ಬಿಡ್ರಿ. 15 ನಿಮಿಷ ಆದಮ್ಯಾಲೆ ಮತ್ತ ಅಳೀರಿ.

ಇಷ್ಟಕ್ಕ ಬಿಡೋರ ಭಾಳ, ಖರೇ ಕೆಲಸ ಮುಂದ ಐತಿ. ಮರುದಿನ ಅದ ಟೈಮಿಗೆ ಕ್ಲಿಪ್ ಬೆಂಡೋಲಿ ಹಾಕೋ ಜಾಗಕ್ಕ ಹಚ್ರಿ, ಅಲ್ಲಿ ವೇಗಸ್ ಟೊಂಗಿ ಇಲ್ಲ ಅಂತನ ರಿಸರ್ಚ್ ಮಾಡೋರೂ ಹೋಲಿಕೆಗೆ ಅದನ್ನ ತಗೋತಾರ. ಉಸಿರು ಮಾತ್ರ ಎರಡೂ ದಿನ ಹೆಂಗ ಬರತೈತೋ ಹಂಗ ಇರಲಿ, ಯಾಕಂದ್ರ ನಿಮಿಷಕ್ಕ 6 ಸಲ ಉಸಿರಾಡಿದ್ರ ಮಷಿನ್ ಇಲ್ಲದನ ಎಚ್‌ಆರ್‌ವಿ ಏರತೈತಿ, ಲೆಕ್ಕ ಎಲ್ಲಾ ಕೆಡತೈತಿ.

ಸ್ಟಡಿಗಳೂ ಒಂದ ಮಾತು ಹೇಳಂಗಿಲ್ಲ, ಕೆಲವ್ರೊಳಗ ಎಚ್‌ಆರ್‌ವಿ ಏರೇತಿ, ಕೆಲವ್ರೊಳಗ ಏನೂ ಫರಕ್ ಇಲ್ಲ. ಅದಕ್ಕ ಎರಡು ವಾರ ಹಿಂಗ ದಿನಾ ಅದಲು ಬದಲು ಮಾಡಿ ಬರದಿಡ್ರಿ, ಎರಡೂ ಜಾಗಕ್ಕ ಒಂದ ನಂಬರ್ ಬಂತಂದ್ರ ಮಷಿನ್ ಪೆಟ್ಟಿಗ್ಯಾಗ ಇಡ್ರಿ, ದಿನಾ 10 ನಿಮಿಷ ಆ ನಿಮಿಷಕ್ಕ 6 ಸಲದ ಉಸಿರಾಟ ಮಾಡ್ರಿ.