‘ಬಹುದು’, ‘ಬೇಕು’ಗಳನ್ನು ಇಂಗ್ಲಿಷಿನಲ್ಲಿ ಹೇಳುವ ಬಗೆ

ಕನ್ನಡದ ‘ಬಹುದು’ ಮೂರು ಹೊರೆಗಳನ್ನು ಒಟ್ಟಿಗೆ ಹೊರುತ್ತದೆ. ‘ನೀನು ಹೋಗಬಹುದು’ ಎಂಬುದು ಅಪ್ಪಣೆ. ‘ಈ ಚೀಲದಲ್ಲಿ ಹತ್ತು ಕಿಲೋ ಅಕ್ಕಿ ತುಂಬಬಹುದು’ ಎಂಬುದು ಸಾಮರ್ಥ್ಯ. ‘ಸಂಜೆ ಮಳೆ ಬರಬಹುದು’ ಎಂಬುದು ಬರಿಯ ಊಹೆ. ಮೂರಕ್ಕೂ ‘ಕ್ಯಾನ್’ ಹಚ್ಚುವ ನಮ್ಮ ರೂಢಿ ಮೂರನೆಯದರಲ್ಲಿ ಎಡವುತ್ತದೆ. ಆದ್ದರಿಂದ ವಾಕ್ಯ ಕಟ್ಟುವ ಮೊದಲು ನಮ್ಮ ‘ಬಹುದು’ ಯಾವ ಬಗೆಯದೆಂದು ಕೇಳಿಕೊಳ್ಳುವುದು ಒಳ್ಳೆಯದು.

ಊಹೆಯಾಗಿದ್ದರೆ ‘ಮೇ’, ‘ಮೈಟ್’, ‘ಕುಡ್’ ಇವುಗಳಲ್ಲೊಂದನ್ನು ಬಳಸಿ: ‘ಇಟ್ ಮೈಟ್ ರೇನ್ ದಿಸ್ ಈವ್ನಿಂಗ್’. ‘ಮೈಟ್’ ಎಂಬುದನ್ನು ‘ಮೇ’ಯ ಭೂತಕಾಲವೆಂದಷ್ಟೇ ಶಾಲೆಯಲ್ಲಿ ಕಲಿತವರು ಇಲ್ಲಿ ಹಿಂಜರಿಯುತ್ತಾರೆ, ಆದರೆ ಇಂದಿನ, ನಾಳಿನ ಮಾತಿಗೂ ಅದು ಸಲ್ಲುತ್ತದೆ, ಆಡುಮಾತಿನಲ್ಲಂತೂ ‘ಮೇ’ಗಿಂತ ಸಹಜವಾಗಿ ಕೇಳಿಸುತ್ತದೆ. ‘ಕ್ಯಾನ್’ ಒಪ್ಪುವುದು ಆಗಾಗ ಘಟಿಸುವ ಸಂಗತಿಗೆ: ‘ಕಲಬುರಗಿ ಕ್ಯಾನ್ ಬಿ ವೆರಿ ಹಾಟ್ ಇನ್ ಏಪ್ರಿಲ್’. ಇಂದು ಸಂಜೆಯ ಒಂದು ಮಳೆಗೆ ಅದು ಹೊಂದುವುದಿಲ್ಲ.

‘ನಾಟ್’ ಸೇರಿದಾಗ ಊಹೆಯ ‘ಮೇ’, ‘ಮೈಟ್’ಗಳ ದಾರಿಯೇ ಬೇರೆ, ‘ಕುಡ್’ನ ದಾರಿಯೇ ಬೇರೆ. ‘ಶಿ ಮೈಟ್ ನಾಟ್ ಬಿ ಅಟ್ ಹೋಮ್’ ಎಂದರೆ ಅವಳು ಮನೆಯಲ್ಲಿ ಇಲ್ಲದಿರಬಹುದು. ‘ಮೈಟ್’ ಬದಲು ‘ಕುಡ್’ ಹಾಕಿದರೆ ಇರಲು ಸಾಧ್ಯವೇ ಇಲ್ಲ ಎಂದಾಗುತ್ತದೆ. ನಮ್ಮ ‘ಇರಲಿಕ್ಕಿಲ್ಲ’ ಇವೆರಡರ ನಡುವೆ ನಿಲ್ಲುವ ಸೊಗಸಾದ ರೂಪ. ಅದಕ್ಕೆ ‘ಶಿ ಪ್ರಾಬಬ್ಲಿ ಈಸಂಟ್ ಅಟ್ ಹೋಮ್’ ಎನ್ನುವುದೇ ಸಲೀಸು.

‘ಬೇಕು’ ಇನ್ನೂ ತೊಡಕಿನದು. ಬಸ್ಸಿಗೆ ಕಾಯುತ್ತಿರುವವನು ‘ಇನ್ನು ಐದು ನಿಮಿಷದಲ್ಲಿ ಬರಬೇಕು’ ಎಂದಾಗ ಬಸ್ಸಿಗೆ ಆಜ್ಞೆ ಮಾಡುತ್ತಿಲ್ಲ, ವೇಳಾಪಟ್ಟಿಯನ್ನು ನಂಬಿ ಲೆಕ್ಕ ಹಾಕುತ್ತಿದ್ದಾನೆ. ಇಂಥ ನಿರೀಕ್ಷೆಗೆ ‘ಶುಡ್’: ‘ದ ಬಸ್ ಶುಡ್ ಬಿ ಹಿಯರ್ ಇನ್ ಫೈವ್ ಮಿನಿಟ್ಸ್’. ಆದರೆ ಬಾಗಿಲಲ್ಲಿ ತೊಯ್ದ ಕೊಡೆಯನ್ನು ಕಂಡು ‘ಹೊರಗೆ ಮಳೆ ಬರುತ್ತಿರಬೇಕು’ ಎನ್ನುವವನ ಕೈಯಲ್ಲಿ ಕುರುಹಿದೆ. ಅಲ್ಲಿ ‘ಮಸ್ಟ್’: ‘ಇಟ್ ಮಸ್ಟ್ ಬಿ ರೇನಿಂಗ್’. ಲೆಕ್ಕಕ್ಕೆ ‘ಶುಡ್’, ಕುರುಹಿಗೆ ‘ಮಸ್ಟ್’ ಎಂದು ನೆನಪಿಟ್ಟರೆ ಬಹುಪಾಲು ಸಂದರ್ಭಗಳು ದಾಟುತ್ತವೆ. ಕುರುಹು ತದ್ವಿರುದ್ಧವಾಗಿದ್ದರೆ ‘ಮಸ್ಟ್ ನಾಟ್’ ಎನ್ನಬೇಡಿ, ಅದು ಸಾಮಾನ್ಯವಾಗಿ ನಿಷೇಧವಾಗಿ ಕೇಳಿಸುತ್ತದೆ. ‘ಇಟ್ ಕಾಂಟ್ ಬಿ ರೇನಿಂಗ್’ ಎನ್ನಿ.

ಕಳೆದುಹೋದ ಕಾಲಕ್ಕೆ ಬಂದಾಗ ಕನ್ನಡವೇ ಹೆಚ್ಚು ಸ್ಪಷ್ಟ. ‘ಅವನು ಬರಬೇಕಿತ್ತು’ ಎಂದರೆ ಬರಲಿಲ್ಲ. ‘ಇಷ್ಟು ಹೊತ್ತಿಗೆ ಬಂದಿರಬೇಕು’ ಎಂದರೆ ಬಂದಿದ್ದಾನೆಂಬ ಎಣಿಕೆ. ಇಂಗ್ಲಿಷಿನ ‘ಹಿ ಶುಡ್ ಹ್ಯಾವ್ ಕಮ್’ ಎರಡಕ್ಕೂ ಸಲ್ಲುವುದರಿಂದ, ಎರಡನೆಯ ಅರ್ಥ ಬೇಕಿದ್ದಾಗ ‘ಬೈ ನೌ’ ಸೇರಿಸಿ, ‘ಕಮ್’ ಬದಲು ‘ಅರೈವ್ಡ್’ ಎನ್ನುವುದು ಲೇಸು.

ಇನ್ನೊಂದು ಸೂಕ್ಷ್ಮವಿದೆ. ನಿರೀಕ್ಷೆಯ ‘ಶುಡ್’ ಸಾಮಾನ್ಯವಾಗಿ ಹಿತವಾದುದಕ್ಕೇ ಮೀಸಲು. ‘ಯೂ ಶುಡ್ ಪಾಸ್’ ಎಂದರೆ ಪಾಸಾಗುವೆ ಎಂಬ ಭರವಸೆ. ‘ಯೂ ಶುಡ್ ಫೇಲ್’ ಎಂದರೆ ಮಾತ್ರ ಫೇಲಾಗಲೆಂದು ನಾವೇ ಬಯಸಿದಂತೆ ಕೇಳಿಸುತ್ತದೆ. ಅಂಥ ಕಡೆ ‘ಯೂ ವಿಲ್ ಪ್ರಾಬಬ್ಲಿ ಫೇಲ್’ ಎನ್ನಬೇಕು, ಹೇಳಲೇಬೇಕೆಂದಿದ್ದರೆ.